ದೊಡ್ಡ ಟೈರ್ ಹಾಕಿಸಿದ್ರೆ ಕ್ಲಚ್ ಯಾಕೆ ಸುಡುತ್ತೆ?

ಇವತ್ತಿನ ಸಂಚಿಕೆಯಲ್ಲಿ ಟೈರ್ ಬಗ್ಗೆ ಮಾತಾಡೋಣ. ಟೈರ್ ಅಂದರೂ ನಿಜವಾದ ವಿಷಯ ಕ್ಲಚ್ ಮತ್ತು ಗೇರ್.

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರದ್ದು ಫೋರ್ ಬೈ ಫೋರ್ ಡೀಸೆಲ್ ಗಾಡಿ. ಗಾಡಿಯ ಜೊತೆ ಬಂದಿದ್ದು 245/75 R16 ಟೈರ್. ತೋಟದ ರಸ್ತೆಗೆ ಗಟ್ಟಿಯಾಗಿರಲಿ, ನೋಡೋಕೂ ಚೆನ್ನಾಗಿರಲಿ ಅಂತ 285/75 R16 ಮಡ್ ಟೈರ್ ಹಾಕಿಸಿದ್ದಾರೆ. ಆಮೇಲೆ ಎರಡು ವರ್ಷದೊಳಗೆ ಎರಡು ಸಲ ಕ್ಲಚ್ ಹೋಗಿದೆ. ಸರ್ವೀಸ್ ಸೆಂಟರ್‌ನವರು "ಓಡಿಸೋದು ಸರಿಯಿಲ್ಲ, ಹಾಫ್ ಕ್ಲಚ್ ಹಿಡೀತೀರಿ" ಅಂತಾರೆ. ಟೈರ್ ಅಂಗಡಿಯವರು "ಟೈರ್‌ಗೂ ಕ್ಲಚ್‌ಗೂ ಏನ್ ಸಂಬಂಧ ಸಾರ್, ಕಂಪನಿ ಕ್ಲಚ್ಚೇ ವೀಕು" ಅಂತಾರೆ. ಕ್ಲಚ್ ಪ್ಲೇಟ್ ಸವೆಯೋ ಭಾಗ ಆದ್ದರಿಂದ ಸಾಮಾನ್ಯವಾಗಿ ವಾರಂಟಿಯಲ್ಲಿ ಬರೋದಿಲ್ಲ. ಎರಡೂ ಸಲ ದುಡ್ಡು ಇವರ ಜೇಬಿಂದಲೇ ಹೋಗಿದೆ. ದುಡ್ಡಿಗಿಂತ ಅವರನ್ನು ಹೆಚ್ಚು ಹೆದರಿಸಿದ್ದು ಎರಡನೇ ಸಲದ ಘಟನೆ. ತೋಟದ ಏರಿನಲ್ಲಿ ಹಿಂದೆ ಆಳುಗಳನ್ನು ಕೂರಿಸಿಕೊಂಡು ಹತ್ತುವಾಗ ಎಂಜಿನ್ ಕೂಗಿದ್ದೇ ಕೂಗಿದ್ದು, ಗಾಡಿ ಮಾತ್ರ ಮುಂದೆ ಹೋಗಿಲ್ಲ, ಮೆಲ್ಲಗೆ ಹಿಂದಕ್ಕೆ ಜಾರಿದೆ. ಬ್ರೇಕ್ ಹಿಡೀತು, ಯಾರಿಗೂ ಏನೂ ಆಗಲಿಲ್ಲ.

ಅವರು ಕೇಳಿರೋದು ಇಷ್ಟೇ: "ಯಾರು ಹೇಳೋದು ಸರಿ?" ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಸ್ವಲ್ಪ ಲೆಕ್ಕ ಮಾಡಬೇಕು. ಹೈಸ್ಕೂಲ್ ಗಣಿತ ಸಾಕು, ಹೆದರಬೇಡಿ.

ಟೈರ್ ಮೇಲಿನ ನಂಬರ್ ಓದೋದು ಹೇಗೆ?

ಮೊದಲು 245/75 R16 ಅಂದ್ರೇನು ನೋಡೋಣ. 245 ಅನ್ನೋದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 75 ಅಂದ್ರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75 ಅಂತ. R ಅಂದ್ರೆ ರೇಡಿಯಲ್. 16 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಒಂದು ಗೋಡೆಯ ಎತ್ತರ 245ರ ಮುಕ್ಕಾಲು, ಅಂದ್ರೆ 184 ಮಿ.ಮೀ. ಚಿಲ್ಲರೆ. ಮೇಲೊಂದು ಕೆಳಗೊಂದು ಸೇರಿ 367.5. ರಿಮ್ 16 ಇಂಚು, ಅಂದ್ರೆ 406.4 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ವ್ಯಾಸ 774 ಮಿ.ಮೀ. ಇಂಚಿನಲ್ಲಿ ಮೂವತ್ತೂವರೆ.

ಈಗ 285/75 R16. ಅದೇ ಲೆಕ್ಕ ಹಾಕಿದರೆ 834 ಮಿ.ಮೀ. ಸುಮಾರು 33 ಇಂಚು. ವ್ಯತ್ಯಾಸ 60 ಮಿ.ಮೀ. ಪ್ರಮಾಣದಲ್ಲಿ ಹೇಳಬೇಕಂದ್ರೆ ಶೇ 7.75. ಸುಲಭಕ್ಕೆ ಎಂಟು ಅಂತ ಇಟ್ಟುಕೊಳ್ಳಿ.

"ಅಯ್ಯೋ, ಬರೀ ಎಂಟು ಪರ್ಸೆಂಟಾ? ಅದಕ್ಕೆ ಕ್ಲಚ್ ಸುಡುತ್ತಾ?" ಅಂತ ಅನ್ನಿಸಬಹುದು. ಈ ಎಂಟು ಎಂಟಾಗಿಯೇ ಉಳಿಯೋದಿಲ್ಲ. ಒಂದು ಕಡೆ ಹದಿನಾರಾಗುತ್ತೆ, ಇನ್ನೊಂದು ಕಡೆ ಐವತ್ತಾಗುತ್ತೆ. ಹೇಗೆ ಅಂತ ಮುಂದೆ ಹೇಳ್ತೀನಿ.

ಉದ್ದದ ಪಾನಾ, ಆದರೆ ಉಲ್ಟಾ

ಗಟ್ಟಿಯಾಗಿ ಕೂತಿರೋ ನಟ್ ಬಿಚ್ಚೋಕೆ ಉದ್ದದ ಪಾನಾ ತಗೋತೀವಿ. ಕೈ ದೂರ ಇದ್ದಷ್ಟೂ ಕಡಿಮೆ ಬಲ ಸಾಕು. ಈ ತಿರುಗಿಸೋ ಬಲಕ್ಕೇ ಟಾರ್ಕ್ ಅನ್ನೋದು. ಚಕ್ರದಲ್ಲಿ ಇದು ತಿರುಗುಮುರುಗಾಗುತ್ತೆ. ಪಾನಾದ ಉದ್ದನೆ ತುದಿಯನ್ನು ಹಿಡಿದಿರೋದು ನಾವಲ್ಲ, ನೆಲ. ನಾವು ಅಂದ್ರೆ ಎಂಜಿನ್ನು, ನಟ್ಟಿನ ಜಾಗದಿಂದ, ಅಂದ್ರೆ ಆಕ್ಸಲ್‌ನಿಂದ ತಿರುಗಿಸ್ತಾ ಇದೀವಿ. ಚಕ್ರ ದೊಡ್ಡದಾದಷ್ಟೂ ನೆಲದ ಕೈ ಉದ್ದ. ಅದೇ ಏರನ್ನು ಹತ್ತೋಕೆ ಆಕ್ಸಲ್ ಜಾಸ್ತಿ ಟಾರ್ಕ್ ಕೊಡಬೇಕು.

ಗಾಡಿಯಲ್ಲಿ ಎಂಜಿನ್‌ನಿಂದ ಚಕ್ರದವರೆಗೆ ಟಾರ್ಕನ್ನು ಹೆಚ್ಚಿಸೋ ಜಾಗ ಎರಡಿವೆ. ಒಂದು ಗೇರ್‌ಬಾಕ್ಸ್, ಇನ್ನೊಂದು ಆಕ್ಸಲ್‌ನಲ್ಲಿರೋ ಕ್ರೌನ್ ಮತ್ತು ಪಿನಿಯನ್. ಫೋರ್ ಬೈ ಫೋರ್ ಗಾಡಿ ಆದರೆ ಮೂರನೆಯದೊಂದಿದೆ, ಟ್ರಾನ್ಸ್‌ಫರ್ ಕೇಸ್‌ನ ಲೋ ರೇಂಜ್. ಅದಕ್ಕೆ ಆಮೇಲೆ ಬರ್ತೀನಿ.

ಲೆಕ್ಕಕ್ಕೆ ಅಂತ ಒಂದು ಗಾಡಿ ಇಟ್ಟುಕೊಳ್ಳೋಣ. ಫಸ್ಟ್ ಗೇರಿನ ಅನುಪಾತ 4, ಕ್ರೌನ್ ಪಿನಿಯನ್ 4.3. ಎರಡನ್ನೂ ಗುಣಿಸಿದರೆ 17.2. ಅಂದ್ರೆ ಎಂಜಿನ್ 17.2 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ವೇಗ ಅಷ್ಟು ಕಡಿಮೆ ಆಗುತ್ತೆ, ಟಾರ್ಕ್ ಅಷ್ಟು ಹೆಚ್ಚಾಗುತ್ತೆ. ಈಗ ಟೈರ್ ಶೇ 7.75 ದೊಡ್ಡದಾಯ್ತು. ಗೇರಿನ ಹಲ್ಲು ಒಂದೂ ಬದಲಾಗಿಲ್ಲ. ಆದರೆ ರಸ್ತೆಯ ದೃಷ್ಟಿಯಿಂದ 4.3 ಕ್ರೌನ್ ಈಗ 3.99 ಕ್ರೌನ್ ಥರ ಕೆಲಸ ಮಾಡುತ್ತೆ. ಒಂದು ಮಾತಲ್ಲಿ ಹೇಳಬೇಕಂದ್ರೆ, ದೊಡ್ಡ ಟೈರ್ ಹಾಕಿಸಿದವರು ತಮ್ಮ ಗಾಡಿಯ ಎಲ್ಲ ಗೇರುಗಳನ್ನೂ ಒಂದಿಷ್ಟು "ಎತ್ತರ" ಮಾಡಿಸಿಕೊಂಡ ಹಾಗೆ. ಫಸ್ಟ್ ಗೇರ್ ಸ್ವಲ್ಪ ಸೆಕೆಂಡ್ ಕಡೆಗೆ ವಾಲಿದೆ, ನಾಲ್ಕನೆಯದು ಐದರ ಕಡೆಗೆ ವಾಲಿದೆ.

ಕ್ಲಚ್ ಯಾವಾಗ ಸವೆಯುತ್ತೆ?

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಬೇಕು. "ದೊಡ್ಡ ಟೈರ್ ಹಾಕಿದರೆ ಕ್ಲಚ್ ಮೇಲೆ ಯಾವಾಗಲೂ ಭಾರ" ಅಂತ ಗ್ಯಾರೇಜುಗಳಲ್ಲಿ ಹೇಳೋದುಂಟು. ಪೂರ್ತಿ ಸರಿಯಲ್ಲ.

ಕ್ಲಚ್ ಅಂದ್ರೆ ಎರಡು ತಟ್ಟೆಗಳ ನಡುವೆ ಅದುಮಿ ಹಿಡಿದಿರೋ ಒಂದು ಪ್ಲೇಟು. ಒಂದು ಕಡೆ ಎಂಜಿನ್ನಿನ ಫ್ಲೈವೀಲ್, ಇನ್ನೊಂದು ಕಡೆ ಸ್ಪ್ರಿಂಗ್ ಇರೋ ಪ್ರೆಷರ್ ಪ್ಲೇಟ್. ಪೆಡಲ್‌ನಿಂದ ಕಾಲು ಪೂರ್ತಿ ತೆಗೆದಾಗ ಮೂರೂ ಒಂದಾಗಿ ತಿರುಗುತ್ತವೆ. ಆಗ ಕ್ಲಚ್ ಮೂಲಕ ಹೋಗೋ ಟಾರ್ಕ್ ಎಂಜಿನ್ ಕೊಡೋವಷ್ಟೇ. ಟೈರ್ ಎಷ್ಟೇ ದೊಡ್ಡದಿರಲಿ, ಎಂಜಿನ್ ತನ್ನ ಶಕ್ತಿ ಮೀರಿ ಕೊಡೋದಿಲ್ಲ. ಕಂಪನಿಯವರು ಕ್ಲಚ್ಚನ್ನು ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ಸ್ವಲ್ಪ ಹೆಚ್ಚು ತಡೆಯೋ ಹಾಗೇ ಮಾಡಿರ್ತಾರೆ. ಹಾಗಾಗಿ ಚೆನ್ನಾಗಿರೋ ಕ್ಲಚ್ ಪೂರ್ತಿ ಹಿಡಿದ ಮೇಲೆ ಜಾರೋದಿಲ್ಲ, ಜಾರದೇ ಇದ್ದರೆ ಸವೆಯೋದೂ ಇಲ್ಲ.

ಕ್ಲಚ್ ಸವೆಯೋದು ನಿಂತ ಗಾಡಿ ಹೊರಡುವಾಗಿನ ಆ ಒಂದೆರಡು ಸೆಕೆಂಡಿನಲ್ಲಿ. ಎಂಜಿನ್ ಆಗಲೇ ತಿರುಗ್ತಾ ಇದೆ, ಚಕ್ರ ಇನ್ನೂ ನಿಂತಿದೆ. ಎರಡರ ವೇಗ ಹೊಂದಾಣಿಕೆ ಆಗೋವರೆಗೆ ಪ್ಲೇಟ್ ಜಾರಲೇಬೇಕು. ಆ ಜಾರಾಟದಲ್ಲಿ ಶಕ್ತಿಯೆಲ್ಲ ಶಾಖ ಆಗುತ್ತೆ. ಎಷ್ಟು ಹೊತ್ತು ಜಾರುತ್ತೆ, ಎಷ್ಟು ಶಾಖ ಬರುತ್ತೆ ಅನ್ನೋದೇ ಕ್ಲಚ್ಚಿನ ಆಯಸ್ಸು.

ಎಂಟು ಹದಿನಾರಾಗೋದು ಹೀಗೆ

ಮಟ್ಟಸ ರಸ್ತೆ ಅಂತಿಟ್ಟುಕೊಳ್ಳಿ. ಎಂಜಿನ್ 1,500 ಆರ್‌ಪಿಎಂನಲ್ಲಿ ಇಟ್ಟು ಕ್ಲಚ್ ಬಿಡ್ತೀರಿ. ನಮ್ಮ ಲೆಕ್ಕದ ಗಾಡಿಯಲ್ಲಿ ಹಳೇ ಟೈರ್ ಇದ್ದಾಗ, ಗಂಟೆಗೆ ಸುಮಾರು 12.7 ಕಿ.ಮೀ. ವೇಗ ಬಂದಾಗ ಎಂಜಿನ್ ಮತ್ತು ಚಕ್ರ ಹೊಂದಿಕೊಳ್ಳುತ್ತವೆ, ಕ್ಲಚ್ ಜಾರೋದು ನಿಲ್ಲುತ್ತೆ. ಹೊಸ ಟೈರಿನಲ್ಲಿ ಆ ವೇಗ 13.7 ಕಿ.ಮೀ. ಅಲ್ಲೀವರೆಗೆ ಜಾರಲೇಬೇಕು.

ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ ಅಂತ ಶಾಲೆಯಲ್ಲಿ ಓದಿದ್ದೀವಲ್ಲ. ಮಟ್ಟಸ ರಸ್ತೆಯಲ್ಲಿ ಎಂಜಿನ್ ಒಂದೇ ವೇಗದಲ್ಲಿದ್ದರೆ, ಗಾಡಿಗೆ ಎಷ್ಟು ಚಲನ ಶಕ್ತಿ ಸಿಗುತ್ತೋ ಹೆಚ್ಚೂಕಡಿಮೆ ಅಷ್ಟೇ ಶಕ್ತಿ ಕ್ಲಚ್‌ನಲ್ಲಿ ಶಾಖವಾಗಿ ಹೋಗುತ್ತೆ. 1.0775ರ ವರ್ಗ 1.16. ಅಂದ್ರೆ ಪ್ರತಿ ಸಲ ಹೊರಡುವಾಗಲೂ ಕ್ಲಚ್‌ಗೆ ಶೇ 16 ಹೆಚ್ಚು ಶಾಖ. 35 ಇಂಚಿನ ಟೈರ್ ಹಾಕಿದವರಿಗೆ ಇದು ಶೇ 32.

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ಹೊರಟು ಮಾಡೋರಿಗೆ ಈ ಹದಿನಾರು ಗೊತ್ತಾಗೋದೇ ಇಲ್ಲ. ಕ್ಲಚ್ ಸ್ವಲ್ಪ ಬೇಗ ಸವೆಯುತ್ತೆ, ಅಷ್ಟೆ. ಮಲೆನಾಡಿನ ಕಥೆ ಬೇರೆ.

ಏರಿನಲ್ಲಿ ಅದೇ ಎಂಟು ಐವತ್ತಾಗುತ್ತೆ

ನಾಲ್ಕಡಿ ಮುಂದೆ ಹೋದರೆ ಒಂದಡಿ ಮೇಲೆ ಏರೋ ರಸ್ತೆ ಅಂತಿಟ್ಟುಕೊಳ್ಳಿ. ತೋಟದ ಮನೆಗಳ ದಾರಿ ಇಷ್ಟು ಕಡಿದಾಗಿರೋದು ಸಾಮಾನ್ಯ. ಗಾಡಿ, ಜನ, ಮೂಟೆ ಎಲ್ಲ ಸೇರಿ 2,000 ಕೆಜಿ. ಈ ಏರಿನಲ್ಲಿ ಗಾಡಿ ಹಿಂದೆ ಜಾರದೆ ಸುಮ್ಮನೆ ನಿಲ್ಲಬೇಕು ಅಂದರೂ ಕ್ಲಚ್ ಮೂಲಕ ಒಂದಿಷ್ಟು ಟಾರ್ಕ್ ಹೋಗ್ತಾನೇ ಇರಬೇಕು. ಗೇರುಗಳಲ್ಲಿ ಕಳೆದುಹೋಗೋದನ್ನು ಬಿಟ್ಟು ಲೆಕ್ಕ ಹಾಕಿದರೆ, ಹಳೇ ಟೈರಿನಲ್ಲಿ ಅದು ಸುಮಾರು 107 ನ್ಯೂಟನ್ ಮೀಟರ್. ಹೊಸ ಟೈರಿನಲ್ಲಿ 115.

ನೀವು ಪೆಡಲ್ ಬಿಡ್ತಾ 145 ನ್ಯೂಟನ್ ಮೀಟರ್ ಕೊಡ್ತಾ ಇದೀರಿ ಅಂತಿಟ್ಟುಕೊಳ್ಳಿ. ಹಳೇ ಟೈರಿನಲ್ಲಿ 107 ಹೋಗಿ ಉಳಿದ 38 ಮಾತ್ರ ಗಾಡಿಯನ್ನು ಮುಂದೆ ತಳ್ಳೋಕೆ ಸಿಗುತ್ತೆ. ಹೊಸ ಟೈರಿನಲ್ಲಿ ಉಳಿಯೋದು 30. ತಿಂಗಳ ಸಂಬಳದ ಥರ ಇದು. ಮನೆ ಬಾಡಿಗೆ ಎಂಟು ಪರ್ಸೆಂಟ್ ಏರಿದರೆ ಸಂಬಳ ಅಷ್ಟೇ ಇರುತ್ತೆ, ಆದರೆ ಕೈಯಲ್ಲಿ ಉಳಿಯೋದು ಇಪ್ಪತ್ತು ಪರ್ಸೆಂಟಿಗೂ ಹೆಚ್ಚು ಕಡಿಮೆ ಆಗುತ್ತೆ.

ಉಳಿದಿದ್ದು ಕಡಿಮೆ, ತಲುಪಬೇಕಾದ ವೇಗ ಹೆಚ್ಚು. ಎರಡೂ ಸೇರಿ ಕ್ಲಚ್ ಜಾರೋ ಹೊತ್ತು ಹೆಚ್ಚೂಕಡಿಮೆ ಒಂದೂವರೆ ಪಟ್ಟಾಗುತ್ತೆ. ಶಾಖವೂ ಒಂದೂವರೆ ಪಟ್ಟು. ಟೈರ್ ಬದಲಾಗಿದ್ದು ಎಂಟು ಪರ್ಸೆಂಟ್, ಕ್ಲಚ್ ಅನುಭವಿಸಿದ್ದು ಐವತ್ತು. ಏರು ಇನ್ನೂ ಕಡಿದಾದರೆ ಅಥವಾ ಇನ್ನೂ ನಾಲ್ಕು ಮೂಟೆ ಹೇರಿದರೆ ಈ ಐವತ್ತೂ ಮೇಲೆ ಹೋಗುತ್ತೆ.

ಆಮೇಲೆ ಆಗೋದು ಒಂದು ಸರಪಳಿ. ಗಾಡಿ ಎಳೀತಿಲ್ಲ ಅಂತ ಡ್ರೈವರ್ ಆಕ್ಸಿಲರೇಟರ್ ಜಾಸ್ತಿ ಕೊಡ್ತಾರೆ. ಎಂಜಿನ್ ವೇಗ ಹೆಚ್ಚಿದಷ್ಟೂ ಜಾರಾಟ ಹೆಚ್ಚು. ಪ್ಲೇಟ್ ಕಾದ ಹಾಗೆ ಅದರ ಹಿಡಿತ ಕಡಿಮೆಯಾಗುತ್ತೆ. ಹಿಡಿತ ಕಡಿಮೆಯಾದ ಹಾಗೆ ಇನ್ನೂ ಜಾರುತ್ತೆ. ಸುಟ್ಟ ವಾಸನೆ ಬರೋದು ಆಗ. ಫ್ಲೈವೀಲ್ ಮೇಲೆ ನೀಲಿ ಕಲೆಗಳು ಬೀಳೋದು, ಪ್ಲೇಟಿನ ಮೇಲ್ಮೈ ಗಾಜಿನ ಥರ ನುಣುಪಾಗೋದು, ಆಮೇಲೆ ಹೊರಡುವಾಗೆಲ್ಲ ಗಾಡಿ ಗಡಗಡ ನಡುಗೋದು, ಎಲ್ಲ ಇದರದ್ದೇ ಫಲ.

ಪ್ರಶ್ನೆ ಕಳಿಸಿದವರ ವಿಷಯದಲ್ಲಿ ನನ್ನ ಉತ್ತರ ಏನು ಅಂದ್ರೆ, ಸರ್ವೀಸ್ ಸೆಂಟರ್‌ನವರು ಹೇಳಿದ್ದು ಅರ್ಧ ಸರಿ, ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪು. ಅವರು ಮೊದಲು ಹೇಗೆ ಓಡಿಸ್ತಿದ್ದರೋ ಈಗಲೂ ಹಾಗೇ ಓಡಿಸ್ತಾ ಇದ್ದಾರೆ. ಹಳೇ ಟೈರಿನಲ್ಲಿ ಅದು ಕ್ಲಚ್ಚಿಗೆ ತಡೆಯೋ ಹಾಗಿತ್ತು, ಈಗಿಲ್ಲ. ಓಡಿಸೋ ರೀತಿ ಬದಲಾಯಿಸಬೇಕು ನಿಜ, ಆದರೆ ಹಾಗೆ ಬದಲಾಯಿಸಬೇಕಾಗಿ ಬಂದಿದ್ದು ಟೈರಿಂದ. ಟೈರ್ ಮಾರೋವಾಗ ಈ ಮಾತನ್ನು ಅವರಿಗೆ ಯಾರೂ ಹೇಳಿಲ್ಲ. ಬೇಸರದ ಸಂಗತಿ ಅದೇ.

ಲೋ ರೇಂಜ್ ಇರೋದೇ ಇದಕ್ಕೆ

ಪರಿಹಾರ ಅವರ ಗಾಡಿಯಲ್ಲೇ ಇದೆ. ಗೇರ್ ಪಕ್ಕದ ಆ ಚಿಕ್ಕ ಲಿವರ್ರು ಅಥವಾ ನಾಬು. 4L ಅಂತ ಬರೆದಿರುತ್ತೆ. ತುಂಬ ಜನ ಅದನ್ನು ಕೆಸರಲ್ಲಿ ಹೂತುಕೊಂಡಾಗ ಮಾತ್ರ ಮುಟ್ಟಬೇಕಾದ ವಸ್ತು ಅಂದುಕೊಂಡಿದ್ದಾರೆ.

ಲೋ ರೇಂಜ್ ಎಲ್ಲ ಗೇರನ್ನೂ ಇನ್ನಷ್ಟು ಇಳಿಸುತ್ತೆ. ಸುಜುಕಿ ಜಿಮ್ನಿಯಲ್ಲಿ ಸುಮಾರು ಎರಡು ಪಟ್ಟು. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ನಾಲ್ಕು ಪಟ್ಟು. ಲೆಕ್ಕಕ್ಕೆ ಎರಡೂವರೆ ಅಂತ ಹಿಡಿಯೋಣ. ಅದೇ ಏರು, ಅದೇ ಭಾರ, ಅದೇ ದೊಡ್ಡ ಟೈರ್. ಗಾಡಿಯನ್ನು ಹಿಡಿದು ನಿಲ್ಲಿಸೋಕೆ ಕ್ಲಚ್ ಮೂಲಕ 115 ಬೇಕಿತ್ತಲ್ಲ, ಈಗ 46 ಸಾಕು. 1,500 ಆರ್‌ಪಿಎಂನಲ್ಲಿ ಹೊಂದಿಕೊಳ್ಳೋ ವೇಗ 13.7ರಿಂದ ಐದೂವರೆ ಕಿಲೋಮೀಟರಿಗೆ ಇಳಿಯುತ್ತೆ. ಕ್ಲಚ್ ಶಾಖ ಹಲವು ಪಟ್ಟು ಕಡಿಮೆ. ಎಂಟು ಪರ್ಸೆಂಟ್ ಕಳೆದುಕೊಂಡಿದ್ದನ್ನು ಒಂದು ಲಿವರ್ ಎಳೆದು ಬಡ್ಡಿ ಸಮೇತ ವಾಪಸ್ ಪಡೆದ ಹಾಗೆ.

ಕೊಡಚಾದ್ರಿಗೆ ಜೀಪಲ್ಲಿ ಹೋಗಿರೋರು ಗಮನಿಸಿರಬಹುದು. ಕಲ್ಲು, ಗುಂಡಿ, ಕಡಿದಾದ ತಿರುವು, ಜೀಪ್ ತುಂಬ ಜನ. ಆ ದಾರಿಯಲ್ಲಿ ಪಳಗಿದ ಡ್ರೈವರುಗಳು ಇಳಿದ ಗೇರಿನಲ್ಲಿ, ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರಲ್ಲೇ ಗಾಡಿ ನಡೆಸ್ತಾರೆ. ನಿಧಾನ ಮಾಡೋಕೆ ಕ್ಲಚ್ ತುಳಿಯೋದಿಲ್ಲ. ಅಲ್ಲಿನ ಹಳೇ ಮಹೀಂದ್ರಾ ಜೀಪುಗಳು, ನಮ್ಮ ತೋಟಗಳಲ್ಲಿ ಇನ್ನೂ ಓಡಾಡೋ ಜೀಪುಗಳು, ಅವುಗಳ ಟೈರ್ ನೋಡಿ. ಎಷ್ಟೋ ಗಾಡಿಗಳಲ್ಲಿ ಇರೋದು 6.00-16, ಸಪೂರ ಟೈರು. ನೋಡೋಕೆ ಬಡಕಲು, ಕೆಲಸಕ್ಕೆ ಗಟ್ಟಿ. ಸಪೂರ ಟೈರ್ ಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ, ಕ್ಲಚ್‌ಗೂ ಹೊರೆ ಕಡಿಮೆ.

ಲೋ ರೇಂಜ್ ಬಳಸುವಾಗ ಒಂದು ಎಚ್ಚರ. ಪಾರ್ಟ್ ಟೈಮ್ ಫೋರ್ ಬೈ ಫೋರ್ ಗಾಡಿಯಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಮಣ್ಣು, ಜಲ್ಲಿ, ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ಸರಿಹೋಗುತ್ತೆ. ಒಣಗಿದ ಟಾರ್ ಅಥವಾ ಕಾಂಕ್ರೀಟ್ ರಸ್ತೆಯ ತಿರುವಿನಲ್ಲಿ ಹಾಗಾಗಲ್ಲ, ಗೇರು ಆಕ್ಸಲ್‌ಗಳ ಮೇಲೆ ಒತ್ತಡ ಬೀಳುತ್ತೆ. ಹಾಗಾಗಿ ಮಣ್ಣಿನ ಏರು ಮುಗಿದ ಮೇಲೆ 2Hಗೆ ವಾಪಸ್ ಬನ್ನಿ. ಲೋ ರೇಂಜಿಗೆ ಹಾಕೋದು, ತೆಗೆಯೋದು ಗಾಡಿ ನಿಲ್ಲಿಸಿಕೊಂಡು, ಕಂಪನಿ ಪುಸ್ತಕದಲ್ಲಿ ಹೇಳಿದ ಹಾಗೆ ಮಾಡಿ.

ರಿವರ್ಸ್ ಬಗ್ಗೆ ಒಂದು ಮಾತು. ಮನೆ ಮುಂದಿನ ಏರಿಗೆ ಹಿಂದೆ ಹಿಂದೆ ಗಾಡಿ ಹತ್ತಿಸೋದು ಕ್ಲಚ್‌ಗೆ ಅತಿ ಕಷ್ಟದ ಕೆಲಸ. ಅಷ್ಟು ನಿಧಾನ ಹೋಗಬೇಕು ಅಂತ ಅರ್ಧ ಪೆಡಲಲ್ಲೇ ಪೂರ್ತಿ ದೂರ ಹೋಗ್ತೀವಿ. ದೊಡ್ಡ ಟೈರ್ ಇರೋರು ಮಣ್ಣಿನ ಏರಿನಲ್ಲಿ ಇದನ್ನು ಲೋ ರೇಂಜಿನಲ್ಲೇ ಮಾಡಿ.

ಹೈವೇಯಲ್ಲಿ ಏನಾಗುತ್ತೆ?

ಹೈವೇಯಲ್ಲಿ ಕ್ಲಚ್‌ಗೆ ಅಷ್ಟು ತೊಂದರೆ ಇಲ್ಲ, ಗೇರಿಗಿದೆ. ಟಾಪ್ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ ಶೇ 7ರಷ್ಟು ನಿಧಾನ ತಿರುಗುತ್ತೆ. ಕೇಳೋಕೆ ಒಳ್ಳೇದೇ ಅನ್ಸುತ್ತೆ. ಆದರೆ ಟರ್ಬೊ ಡೀಸೆಲ್ ಎಂಜಿನ್ನಿಗೆ ಒಂದು ವೇಗದ ಕೆಳಗೆ ಎಳೆತವೇ ಇರಲ್ಲ. ಶಿರಾಡಿ ಘಾಟಿ ಥರದ ದಾರಿಯಲ್ಲಿ ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಮೂರು ಬೇಕು. ಗೇರ್ ಇಳಿಸದೆ ಹಾಗೇ ಒತ್ತಿದರೆ ಎಂಜಿನ್ ಗುದ್ದಾಡುತ್ತೆ. ಅದರ ಮೇಲೆ ಮಡ್ ಟೈರ್ ಒಂದೊಂದೂ ಹಳೇದಕ್ಕಿಂತ ಕೆಲವು ಕಿಲೋ ಭಾರ. ಆ ಭಾರ ಇರೋದು ಚಕ್ರದ ಅಂಚಿನಲ್ಲಿ. ಅಂಚಿನಲ್ಲಿ ಸುತ್ತೋ ಒಂದು ಕಿಲೋ, ವೇಗ ಹೆಚ್ಚಿಸುವಾಗ ಡಿಕ್ಕಿಯಲ್ಲಿಟ್ಟ ಸುಮಾರು ಎರಡು ಕಿಲೋಗೆ ಸಮ.

ಸ್ಪೀಡೋಮೀಟರ್ ಕೂಡ ಲೆಕ್ಕ ತಪ್ಪುತ್ತೆ. ಅದು ಎಣಿಸೋದು ಸುತ್ತನ್ನು, ದೂರವನ್ನಲ್ಲ. ಮೀಟರ್ 80 ತೋರಿಸಿದಾಗ ನಿಜವಾದ ವೇಗ 86ರ ಹತ್ತಿರ ಇರಬಹುದು. ಕಂಪನಿಯವರು ಮೀಟರನ್ನು ಸ್ವಲ್ಪ ಹೆಚ್ಚು ತೋರಿಸೋ ಹಾಗೆ ಇಟ್ಟಿರೋದರಿಂದ ಅಷ್ಟು ವ್ಯತ್ಯಾಸ ಬರದೇ ಇರಬಹುದು, ಆದರೆ ನಿಮಗಿದ್ದ ಆ ಸುರಕ್ಷತೆಯ ಅಂತರ ಹೋಯ್ತು. ಓಡೋಮೀಟರ್ 10,000 ತೋರಿಸಿದಾಗ ಗಾಡಿ ಓಡಿರೋದು 10,775. ಮೈಲೇಜ್ ಬಿದ್ದುಹೋಯ್ತು ಅಂತ ದೂರುವಾಗಲೂ ಇದನ್ನು ಲೆಕ್ಕಕ್ಕೆ ತಗೋಬೇಕು. ನಿಜವಾಗಿ ಲೀಟರಿಗೆ 12 ಕೊಡೋ ಗಾಡಿ ಮೀಟರ್ ಪ್ರಕಾರ 11.1 ಕೊಟ್ಟ ಹಾಗೆ ಕಾಣುತ್ತೆ. ಉಳಿದಿದ್ದು ಟೈರಿನ ಭಾರ ಮತ್ತು ಒರಟು ಮೈಯಿಂದ ಹೋಗಿರೋ ನಿಜವಾದ ನಷ್ಟ.

ಬ್ರೇಕ್ ಮರೆಯಬೇಡಿ. ನೆಲದ ಕೈ ಉದ್ದ ಅಂದ್ನಲ್ಲ, ಅದು ನಿಲ್ಲಿಸುವಾಗಲೂ ಉದ್ದವೇ. ಪೆಡಲನ್ನು ಅಷ್ಟೇ ಒತ್ತಿದರೆ ನಿಲ್ಲಿಸೋ ಬಲ ಶೇ 7ರಷ್ಟು ಕಡಿಮೆ. ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಂಗ್ ಕೂಡ ಅಷ್ಟೇ ಕಡಿಮೆ ಆಗುತ್ತೆ. ಒಂದು ಗೇರ್ ಇಳಿಸಿ ಇಳಿಯಿರಿ.

ಗಟ್ಟಿ ಕ್ಲಚ್ ಹಾಕಿಸಿದರೆ ಆಗಲ್ವಾ?

ತುಂಬ ಜನ ಕೇಳೋ ಪ್ರಶ್ನೆ. ಹೆವಿ ಡ್ಯೂಟಿ ಕ್ಲಚ್ ಸಿಗುತ್ತೆ. ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಗಟ್ಟಿ ಇರುತ್ತೆ, ಪ್ಲೇಟ್ ಮೇಲಿನ ವಸ್ತು ಬೇರೆ ಇರುತ್ತೆ. ಶಾಖ ತಡೆಯೋ ಶಕ್ತಿ ಹೆಚ್ಚು. ಆದರೆ ಪೆಡಲ್ ಭಾರ ಆಗುತ್ತೆ. ಸೆರಾಮಿಕ್ ಪ್ಲೇಟ್ ಆದರೆ ಥಟ್ಟಂತ ಹಿಡಿಯುತ್ತೆ, ಏರಿನಲ್ಲಿ ನಯವಾಗಿ ಹೊರಡೋದು ಕಷ್ಟ. ಇನ್ನೊಂದು ವಿಷಯ, ಕ್ಲಚ್ ಒಂಥರಾ ಫ್ಯೂಸ್ ಇದ್ದ ಹಾಗೆ. ದೊಡ್ಡ ಟೈರ್ ಕಲ್ಲಿನ ಸಂದಿಗೆ ಸಿಕ್ಕಿ ಗಟ್ಟಿಯಾಗಿ ಹಿಡಿದಾಗ ಮೊದಲು ಜಾರೋದು ಕ್ಲಚ್. ಅದೂ ಜಾರಲ್ಲ ಅಂದ್ರೆ ಪೆಟ್ಟು ಮುಂದಕ್ಕೆ ಹೋಗುತ್ತೆ, ಆಕ್ಸಲ್ ಶಾಫ್ಟೋ ಜಾಯಿಂಟೋ ಮುರಿಯುತ್ತೆ. ಕ್ಲಚ್ ಗಟ್ಟಿ ಮಾಡೋದರಿಂದ ಗೇರ್ ಅನುಪಾತ ಸರಿಹೋಗಲ್ಲ. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ, ಉಪಶಮನ ಅಷ್ಟೆ.

ಸರಿಯಾದ ಚಿಕಿತ್ಸೆ ಕ್ರೌನ್ ಪಿನಿಯನ್ ಬದಲಾಯಿಸೋದು. ಟೈರ್ ಎಷ್ಟು ದೊಡ್ಡದಾಯ್ತೋ ಅನುಪಾತವೂ ಅಷ್ಟೇ ದೊಡ್ಡದಾಗಬೇಕು. ನಮ್ಮ ಲೆಕ್ಕದಲ್ಲಿ 4.3 ಇದ್ದಿದ್ದು 4.63 ಆಗಬೇಕು. ಅಮೆರಿಕದಲ್ಲಿ ರ‍್ಯಾಂಗ್ಲರ್ ಇಟ್ಟುಕೊಂಡವರಿಗೆ 4.10, 4.56, 4.88 ಅಂತ ಬೇಕಾದ ಸೆಟ್ ಅಂಗಡಿಯಲ್ಲೇ ಸಿಗುತ್ತೆ, 35 ಇಂಚಿನ ಟೈರ್ ಜೊತೆಗೇ ಅದನ್ನೂ ಹಾಕಿಸ್ತಾರೆ. ನಮ್ಮಲ್ಲಿ ಎಲ್ಲ ಗಾಡಿಗೂ ಸಿಗಲ್ಲ. ಸಿಕ್ಕರೂ ಫೋರ್ ಬೈ ಫೋರ್‌ನಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಆಕ್ಸಲ್‌ಗೆ ಒಂದೇ ಅನುಪಾತ ಹಾಕಲೇಬೇಕು. ಹಲ್ಲುಗಳ ನಡುವಿನ ಅಂತರ ಹೊಂದಿಸೋದು ಪಳಗಿದ ಕೈಯ ಕೆಲಸ. ಸರಿಯಾಗಿ ಕೂರಲಿಲ್ಲ ಅಂದ್ರೆ ಹೌಸಿಂಗ್‌ನಿಂದ ಗುಂಯ್ ಅನ್ನೋ ಸದ್ದು ಶುರುವಾಗುತ್ತೆ, ಆಮೇಲೆ ಹಲ್ಲು ಉದುರುತ್ತೆ.

ಅಷ್ಟಕ್ಕೂ ಎಷ್ಟು ದೊಡ್ಡ ಟೈರ್ ಬೇಕು?

ದೊಡ್ಡ ಟೈರಿನಿಂದ ಲಾಭ ಇಲ್ಲ ಅಂತ ನಾನು ಹೇಳ್ತಿಲ್ಲ. ಕಲ್ಲು ದಾಟೋದು ಸುಲಭ, ಹೌಸಿಂಗ್ ನೆಲಕ್ಕೆ ತಾಗೋದು ಕಡಿಮೆ. ಆದರೆ ವ್ಯಾಸ 60 ಮಿ.ಮೀ. ಹೆಚ್ಚಾದರೆ ಗಾಡಿ ಏರೋದು ಅದರ ಅರ್ಧ, 30 ಮಿ.ಮೀ. ಮಾತ್ರ. ಒಂದು ಇಂಚು ಚಿಲ್ಲರೆ. ಆ ಒಂದು ಇಂಚಿಗೆ ಕೊಡೋ ಬೆಲೆ ಎಷ್ಟು ಅಂತ ಈಗ ನಿಮಗೆ ಗೊತ್ತಾಯ್ತು.

ನಮ್ಮ ಮಳೆಗಾಲದ ತೋಟದ ರಸ್ತೆಯಲ್ಲಿ ಹೆಚ್ಚಿನವರಿಗೆ ಬೇಕಾಗಿರೋದು ಎತ್ತರ ಅಲ್ಲ, ಹಿಡಿತ. ಅದು ಬರೋದು ಟೈರಿನ ಹಲ್ಲಿನಿಂದ ಮತ್ತು ಗಾಳಿಯಿಂದ. ಕಂಪನಿ ಅಳತೆಯಲ್ಲೇ ಆಲ್ ಟೆರೇನ್ ಅಥವಾ ಮಡ್ ಟೈರ್ ಸಿಗುತ್ತೆ. ಜಾರೋ ಜಾಗದಲ್ಲಿ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನಿಧಾನ ಹೋದರೆ ಟೈರ್ ನೆಲಕ್ಕೆ ಹೆಚ್ಚು ಉದ್ದ ತಾಗುತ್ತೆ, ಹಿಡಿತ ಎಷ್ಟೋ ಹೆಚ್ಚುತ್ತೆ. ಟಾರ್ ರೋಡಿಗೆ ಬಂದ ತಕ್ಷಣ ಮತ್ತೆ ಗಾಳಿ ತುಂಬಿಸಲೇಬೇಕು. ಒಂದು ಚಿಕ್ಕ ಕಂಪ್ರೆಸರ್ ಗಾಡಿಯಲ್ಲಿಟ್ಟುಕೊಳ್ಳೋದು ನಾಲ್ಕು ದೊಡ್ಡ ಟೈರಿಗಿಂತ ತುಂಬ ಅಗ್ಗ.

ಸ್ವಲ್ಪ ದೊಡ್ಡದು ಬೇಕೇ ಬೇಕು ಅನ್ನೋರಿಗೆ, ಶೇ 3ರೊಳಗೆ ಇರಲಿ ಅನ್ನೋದು ನನ್ನ ಸಲಹೆ. ಉದಾಹರಣೆಗೆ ಜಿಮ್ನಿಯ 195/80 R15 ಬದಲು 215/75 R15 ಹಾಕಿದರೆ ವ್ಯತ್ಯಾಸ ಶೇ 1.5 ಮಾತ್ರ, ಕ್ಲಚ್‌ಗೆ ಗೊತ್ತೂ ಆಗಲ್ಲ. ಅದೇ 235/75 R15ಕ್ಕೆ ಹೋದರೆ ಶೇ 6 ಆಗುತ್ತೆ. ಎಂಜಿನ್ ಚಿಕ್ಕದಿದ್ದಷ್ಟೂ ಈ ಆರು ಜೋರಾಗಿ ಕಾಣಿಸುತ್ತೆ.

ಕಾನೂನನ್ನೂ ಒಮ್ಮೆ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರೋ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಂಪನಿಯವರೇ ಅದೇ ಗಾಡಿಯ ಬೇರೆ ಮಾದರಿಗೆ ಕೊಟ್ಟಿರೋ ಅಳತೆಯೊಳಗೆ ಇದ್ದರೆ ಮನಸ್ಸಿಗೂ ನೆಮ್ಮದಿ. ಅದರಾಚೆ ಹೋದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದು.

ಈಗಾಗಲೇ ಹಾಕಿಸಿದವರು ಏನು ಮಾಡಬೇಕು?

ಕೊನೆಗೆ ಬೇಗ ಬೇಗ ನಾಲ್ಕು ಮಾತು.

ಒಂದು, ಏರಿನಲ್ಲಿ ಗಾಡಿ ನಿಲ್ಲಿಸಿಕೊಳ್ಳೋದು ಬ್ರೇಕಿನ ಕೆಲಸ, ಕ್ಲಚ್ಚಿನದ್ದಲ್ಲ. ಹ್ಯಾಂಡ್ ಬ್ರೇಕ್ ಹಾಕಿ, ಕ್ಲಚ್ ಹಿಡಿಯೋ ಜಾಗಕ್ಕೆ ಬಂದು, ಗಾಡಿ ಮುಂದೆ ಎಳೆಯೋಕೆ ಶುರುವಾದಾಗ ಬ್ರೇಕ್ ಬಿಡಿ.

ಎರಡು, ಕ್ಲಚ್ ಹೇಗಿದೆ ಅಂತ ಆಗಾಗ ನೋಡಿಕೊಳ್ಳಿ. ಖಾಲಿ ಇರೋ ಮಟ್ಟಸ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ 50ರ ಆಸುಪಾಸು ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮತ್ತು ವೇಗ ಜೊತೆಜೊತೆಗೆ ಏರಬೇಕು. ಆರ್‌ಪಿಎಂ ಮಾತ್ರ ಹಾರಿ ವೇಗ ಹಿಂದೆ ಉಳಿದರೆ ಪ್ಲೇಟ್ ಜಾರ್ತಾ ಇದೆ ಅಂತಲೇ ಅರ್ಥ. ಆ ಗಾಡಿಯಲ್ಲಿ ಜನ ಕೂರಿಸಿಕೊಂಡು ಏರು ಹತ್ತಬೇಡಿ. ಮೊದಲು ಗ್ಯಾರೇಜ್.

ಮೂರು, ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿ, ಗಾಡಿಯ ಹಿಂದೆ ಕಲ್ಲು ಕೊಡಿ, ಜನರನ್ನು ಇಳಿಸಿ. ಅರ್ಧ ಗಂಟೆ ಆರೋಕೆ ಬಿಡಿ. "ಇನ್ನೊಂದೇ ಸಲ ನೋಡೋಣ" ಅನ್ನೋದು ಬೇಡ. ಬಿಸಿಯಾದ ಕ್ಲಚ್ ಪ್ರತಿ ಸಲವೂ ಹಿಂದಿನದ್ದಕ್ಕಿಂತ ಕಡಿಮೆ ಹಿಡಿಯುತ್ತೆ.

ನಾಲ್ಕು, ಹಳೇ ಟೈರ್ ಮಾರಿಲ್ಲದಿದ್ದರೆ ವಾಪಸ್ ಹಾಕಿಸೋ ಬಗ್ಗೆ ಯೋಚಿಸಿ. ಮೂರನೇ ಕ್ಲಚ್‌ಗೆ ಕೊಡೋ ದುಡ್ಡು, ಗೇರ್‌ಬಾಕ್ಸ್ ಇಳಿಸೋ ಕೂಲಿ, ಗಾಡಿ ಇಲ್ಲದೆ ಕಳೆಯೋ ದಿನಗಳು, ಎಲ್ಲ ಕೂಡಿಸಿ ನೋಡಿ. ಕೊಯ್ಲಿನ ಹೊತ್ತಲ್ಲಿ ಗಾಡಿ ಶೆಡ್ಡಿನಲ್ಲಿ ನಿಂತರೆ ಆಗೋ ನಷ್ಟ ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಆಟೊಮ್ಯಾಟಿಕ್ ಗಾಡಿಯವರು "ನಮಗೆ ಕ್ಲಚ್ಚೇ ಇಲ್ವಲ್ಲ" ಅಂತ ಖುಷಿಪಡಬಹುದು. ಟಾರ್ಕ್ ಕನ್ವರ್ಟರ್ ಇರೋ ಗಾಡಿಯಲ್ಲಿ ಅದೇ ಶಾಖ ಗೇರ್ ಆಯಿಲ್‌ಗೆ ಹೋಗುತ್ತೆ. ಅದರ ಕಥೆಯೇ ಬೇರೆ, ಇನ್ನೊಂದು ದಿನ ಮಾತಾಡೋಣ.

ನಿಮ್ಮ ಗಾಡಿಯ ಟೈರ್ ಅಳತೆ ಗೊತ್ತಿದ್ದರೆ ಇವತ್ತೇ ಒಂದು ಚೀಟಿಯಲ್ಲಿ ಈ ಲೆಕ್ಕ ಮಾಡಿ ನೋಡಿ. ಅಗಲ, ಪರ್ಸೆಂಟ್, ರಿಮ್, ಮೂರೇ ಸಂಖ್ಯೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಓಡಿಸಿ, ನಮಸ್ಕಾರ.